ದೊಡ್ಡಮ್ಮನಿಗೆ ಊರ ಮಾತು ಬರುವುದಿಲ್ಲ

ಒಂದೇ ಸುಳ್ಳನ್ನು ಒಂಬತ್ತು ವರ್ಷ ಚಾಚೂ ತಪ್ಪದೆ ಹೇಳಿಕೊಂಡು ಬಂದ ಹೆಂಗಸಿನ ಕತೆ ಇದು. ಸುಳ್ಳು ಹೇಳಿದ್ದು ನಾಲ್ಕೈದು ವರ್ಷದ ಮಕ್ಕಳಿಗೆ. ಅದರಲ್ಲಿ ನನ್ನ ಪಾಲೂ ಇದೆ, ಹಾಗಾಗಿ ನನ್ನನ್ನೂ ಸೇರಿಸಿ ಬೈಯಬಹುದು. ಪೂರ್ತಿ ಕೇಳಿದ ಮೇಲೆ ಬೈಯಿರಿ, ಅಷ್ಟೇ.

ನಮ್ಮದು ಪುಟ್ಟ ಮಕ್ಕಳ ಶಾಲೆ. ಹಿಂದೆ ಅಂಚೆ ಕಚೇರಿಯಾಗಿದ್ದ ಕಟ್ಟಡದಲ್ಲಿ ನಾಲ್ಕು ಕೋಣೆ, ಹಿಂದುಗಡೆ ಒಂದು ಅಂಗಳ, ಅದರಲ್ಲಿ ಒಂದು ಜಾರುಬಂಡೆ. ಪ್ರತಿ ಕೋಣೆಗೆ ಇಬ್ಬರು ಟೀಚರ್. ಒಬ್ಬಳು ಊರ ಮಾತನ್ನೇ ಆಡಬೇಕು. ಊರ ಮಾತೆಂದರೆ ಅಂಗಡಿ, ಬಸ್ಸು, ಆಫೀಸು, ಆಸ್ಪತ್ರೆ ಎಲ್ಲ ನಡೆಯುವ ಭಾಷೆ. ಇನ್ನೊಬ್ಬಳು ಮನೆ ಮಾತನ್ನೇ ಆಡಬೇಕು. ಅದು ಶಾಲೆಯ ಸುತ್ತಲಿನ ನಾಲ್ಕು ಬೀದಿಗಳಲ್ಲಿ ಅಡುಗೆಮನೆಯಿಂದ ಅಡುಗೆಮನೆಗೆ ಕೇಳಿಸುವ ಭಾಷೆ. ಐದನೇ ಬೀದಿಗೆ ಕಾಲಿಟ್ಟ ಕೂಡಲೇ ಜನ ಅದನ್ನು ಬಾಯೊಳಗೇ ನುಂಗಿಕೊಳ್ಳುತ್ತಾರೆ. ಮಕ್ಕಳಿಗೆ ಎರಡೂ ಬರಬೇಕೆಂದು ಶಾಲೆ ಹುಟ್ಟಿಕೊಂಡಿತು. ಪಾಠ, ಪುಸ್ತಕ ಅಂತ ಬೇರೆ ಇಲ್ಲ. ಕೈ ತೊಳೆಯುವುದು, ಬಟನ್ ಹಾಕುವುದು, ಮಣ್ಣಾಟ, ಜಗಳ, ರಾಜಿ ಎಲ್ಲವೂ ಎರಡು ಭಾಷೆಯಲ್ಲಿ ನಡೆಯುತ್ತದೆ. ನೀರು ಬೇಕಾದ ಮಗು ಯಾರ ಬಳಿ ಹೋಗುತ್ತದೋ ಅವರ ಭಾಷೆಯಲ್ಲೇ ಕೇಳಬೇಕು.

ಇಲ್ಲಿ ಒಂದು ನಿಯಮವಿದೆ. ಒಬ್ಬ ಟೀಚರಿಗೆ ಒಂದೇ ಭಾಷೆ. ಇನ್ನೊಂದು ಆಕೆಗೆ ಗೊತ್ತೇ ಇಲ್ಲವೆಂದು ಮಕ್ಕಳು ನಂಬಬೇಕು. ನಂಬಿಸುವ ಕೆಲಸ ನಮ್ಮದು. ಮನೆಯಲ್ಲಿ ಬಾಯಿ ತಪ್ಪೀತೆಂದು ಹೆತ್ತವರಿಗೂ ನಿಜ ಹೇಳುವುದಿಲ್ಲ.

ನಾನು ಊರ ಮಾತಿನವಳು. ಮಕ್ಕಳು ನನ್ನನ್ನು ಮಿಸ್ ಎನ್ನುತ್ತಾರೆ. ಅವಳು ಮನೆ ಮಾತಿನವಳು, ಎಲ್ಲರಿಗೂ ದೊಡ್ಡಮ್ಮ. ಎರಡು ಭಾಷೆಗಳಿಗೂ ಮಕ್ಕಳು ತಮ್ಮದೇ ಹೆಸರಿಟ್ಟುಕೊಂಡಿದ್ದರು: ಮಿಸ್ ಮಾತು, ದೊಡ್ಡಮ್ಮನ ಮಾತು. ದೊಡ್ಡಮ್ಮ ನನಗಿಂತ ಆರು ವರ್ಷ ದೊಡ್ಡವಳು. ಮೊದಮೊದಲು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತ ಮೇಲೆ ಬಹುವಚನ ಎಲ್ಲಿ ಉಳಿಯುತ್ತದೆ?

ನಾವಿಬ್ಬರೂ ಎರಡು ಭಾಷೆಯನ್ನೂ ಅರಳು ಹುರಿದಂತೆ ಆಡುವವರು. ಆದರೆ ಕೋಣೆಯೊಳಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನನಗೆ ಅಂಟು ಬೇಕಾದರೆ ಒಂದು ಮಗುವನ್ನು ಕರೆದು, "ದೊಡ್ಡಮ್ಮನ ಹತ್ರ ಅಂಟು ಇದೆಯಾ ಕೇಳ್ಕೊಂಡು ಬಾ" ಎನ್ನಬೇಕು. ಮಗು ಓಡಿಹೋಗಿ ಅವಳ ಭಾಷೆಯಲ್ಲಿ ಕೇಳಬೇಕು. ಅವಳು ಉತ್ತರ ಕೊಡಬೇಕು. ಅದನ್ನು ಹೊತ್ತುಕೊಂಡು ಮಗು ವಾಪಸ್ ಬರಬೇಕು. ಒಂದು ಡಬ್ಬಿ ಅಂಟಿಗೆ ಅರ್ಧ ಗಂಟೆ. ಎಷ್ಟೋ ಸಲ ಅಂಟಿನ ಬದಲು ಕತ್ತರಿ ಬಂದದ್ದಿದೆ. ಸಿಟ್ಟು ನೆತ್ತಿಗೇರಿದರೂ ನಗುತ್ತಲೇ ಮತ್ತೊಂದು ಮಗುವನ್ನು ಕಳಿಸಬೇಕು. ಸಂಜೆ ಗೇಟು ದಾಟಿ, ಬಸ್ ಸ್ಟಾಪಿನ ಮೂಲೆ ತಿರುಗಿದ ಮೇಲೆ ನಮ್ಮ ಬಾಯಿಗೆ ಬಿಡುಗಡೆ. ಇಡೀ ದಿನ ಕಟ್ಟಿಟ್ಟದ್ದನ್ನೆಲ್ಲ ಆಡಿ ಮುಗಿಸುವಷ್ಟರಲ್ಲಿ ಅವಳು ಇಳಿಯುವ ಸ್ಟಾಪು ಬಂದಿರುತ್ತಿತ್ತು.

ಸುಳ್ಳು ಶಾಲೆಯಲ್ಲೇ ಉಳಿಯುವುದಿಲ್ಲ, ಬೀದಿಗೂ ಬೆನ್ನು ಹತ್ತಿ ಬರುತ್ತದೆ. ಒಂದು ಭಾನುವಾರ ದೊಡ್ಡಮ್ಮ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೊಳ್ಳುತ್ತಿದ್ದಳು. ಅವಳ ಚೌಕಾಸಿ ನೋಡಬೇಕು. ಮಾರುವವನ ಬಾಯಿ ಒಣಗಬೇಕು, ಹಾಗೆ. ಊರ ಮಾತಿನಲ್ಲಿ ಅವನ ಬೆವರಿಳಿಸುತ್ತಿದ್ದವಳು ಪಕ್ಕದ ಸಾಲಿನಲ್ಲಿ ನಮ್ಮ ಕೋಣೆಯ ಹುಡುಗನೊಬ್ಬನನ್ನು ಕಂಡು ಮಾತಿನ ನಡುವೆಯೇ ಗಪ್ಪೆಂದು ನಿಂತುಬಿಟ್ಟಳು. ಕೈಸನ್ನೆಯಲ್ಲಿ ಎರಡು ಬೆರಳು ತೋರಿಸಿದಳು. ತರಕಾರಿಯವನು ಗಾಬರಿಯಾಗಿ ಎದ್ದು ನಿಂತ. "ಅಮ್ಮಾ, ಏನಾಯ್ತು? ಬಾಯಿ ಬಿದ್ದುಹೋಯ್ತಾ? ಯಾರಾದ್ರೂ ಆಟೋ ಕರೀರಪ್ಪಾ!" ಎಂದು ಕೂಗಿದ. ಪಾಪ, ಸ್ಟೂಲು ಕೊಟ್ಟು ಕೂರಿಸಿ ನೀರು ಕುಡಿಸಿದ. ಇವಳು ಕುಡಿದಳು. ಬಸ್ಸಿನಲ್ಲಿ ಅವಳು ಇದನ್ನು ಹೇಳುವಾಗ ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಅವಳು ನಗಲಿಲ್ಲ. "ಆ ಹುಡುಗ ಈಗ ತಾನೇ ನನ್ನ ಹತ್ರ ಎರಡು ಮಾತು ಆಡೋಕೆ ಶುರು ಮಾಡಿದಾನೆ ಕಣೇ. ಕೆಡಿಸ್ಲಾ?" ಎಂದಳು.

ಇಷ್ಟು ಹಟ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವಳು ಉತ್ತರ ಹೇಳುವುದಿಲ್ಲ. ನನಗೆ ಒಮ್ಮೆ ಹೇಳಿದ್ದಳು. ಶಾಲೆಗೆ ಬರುವ ಮೊದಲು ಅವಳು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹದಿನಾಲ್ಕು ವರ್ಷ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದವಳು. ಮಗ ಹುಟ್ಟಿದಾಗ ಜೊತೆಯ ಹೆಂಗಸರು, ಡಾಕ್ಟರು, ಮನೆ ಮಾಲೀಕರು ಎಲ್ಲರೂ ಒಂದೇ ಬುದ್ಧಿ ಹೇಳಿದರಂತೆ: ಎರಡು ಭಾಷೆ ಆಡಿದರೆ ಮಗುವಿನ ತಲೆ ಕೆಡುತ್ತದೆ, ಊರ ಮಾತೊಂದೇ ಸಾಕು. ಇವಳು ಕೇಳಿದಳು. ಮಗ ಚೆನ್ನಾಗಿಯೇ ಬೆಳೆದ, ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ದೊಡ್ಡಮ್ಮನ ತಾಯಿ ಸಾಯುವ ಮುನ್ನ ಮೊಮ್ಮಗನ ಕೈ ಹಿಡಿದು ಏನೇನೋ ಹೇಳಿದಾಗ, ಅವನು ಪ್ರತಿ ಮಾತಿಗೂ ಅಮ್ಮನ ಕಡೆ ತಿರುಗಿ "ಅಜ್ಜಿ ಏನಂದ್ರು?" ಎಂದು ಕೇಳಿದನಂತೆ.

"ನನ್ನಮ್ಮನಿಗೂ ನನ್ನ ಮಗನಿಗೂ ಮಧ್ಯೆ ನಾನು ದುಭಾಷಿ ಆಗಿ ನಿಂತೆ. ಹೆತ್ತಿದ್ದು ನಾನೇ, ಗೋಡೆ ಕಟ್ಟಿದ್ದೂ ನಾನೇ" ಎಂದಳು. ಅವಳ ಸ್ಟಾಪು ಬರುವವರೆಗೂ ಅವಳ ಚೀಲವನ್ನು ನನ್ನ ತೊಡೆ ಮೇಲಿಟ್ಟುಕೊಂಡೆ.

ನಮ್ಮ ಕೋಣೆಯಲ್ಲಿ ಆ ಒಂಬತ್ತನೇ ವರ್ಷ ಹದಿಮೂರು ಮಕ್ಕಳು. ಅವರಲ್ಲಿ ಔಷಧಿ ಅಂಗಡಿಯವರ ಮಗಳೂ ಒಬ್ಬಳು. ನಾನು ಮನಸ್ಸಿನಲ್ಲೇ ಅವಳಿಗೆ ಬೀಗ ಎಂದು ಹೆಸರಿಟ್ಟಿದ್ದೆ. ನನ್ನ ಬಳಿ ಊರ ಮಾತಿನಲ್ಲಿ ಪಟಪಟ ಮಾತು. ದೊಡ್ಡಮ್ಮನ ಬಳಿ ಬಾಯಿಗೆ ಬೀಗ. ಅವರ ಮನೆಯಲ್ಲಿ ಮನೆ ಮಾತನ್ನು ಬಿಟ್ಟು ಒಂದು ತಲೆಮಾರಾಗಿತ್ತು. ಐದು ತಿಂಗಳು ಆ ಹುಡುಗಿ ದೊಡ್ಡಮ್ಮನೆದುರು ತುಟಿ ಪಿಟಕ್ಕೆನ್ನಲಿಲ್ಲ. ಕೈ ಹಿಡಿದು ಎಳೆಯುತ್ತಿದ್ದಳು, ಬೆರಳು ತೋರಿಸುತ್ತಿದ್ದಳು, ಅಷ್ಟೇ. ದೊಡ್ಡಮ್ಮ ಮಾತ್ರ ಒಂದು ದಿನವೂ ಸುಮ್ಮನಿರಲಿಲ್ಲ. ಉತ್ತರ ಬರಲಿ ಬಿಡಲಿ, ಅವಳ ಪಕ್ಕ ಕೂತು ಮಾತಾಡುತ್ತಲೇ ಇದ್ದಳು.

ಒಂದು ದಿನ ಮನೆಗೆ ಹೊರಡುವ ಹೊತ್ತಿಗೆ ಹುಡುಗಿಯ ಕೋಟಿನ ಜಿಪ್ಪು ಬಟ್ಟೆಯೊಳಗೆ ಸಿಕ್ಕಿಕೊಂಡಿತು. ನಾನು ಬೇಕೆಂದೇ ಅಂಗಳದಲ್ಲಿದ್ದೆ. ಹುಡುಗಿ ದೊಡ್ಡಮ್ಮನಿಗೆ ಊರ ಮಾತಿನಲ್ಲಿ ಹೇಳಿದಳು. ದೊಡ್ಡಮ್ಮನಿಗೆ ತಿಳಿಯಲಿಲ್ಲ. ಅಳುತ್ತಾ ಹೇಳಿದಳು. ಆಗಲೂ ತಿಳಿಯಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ನನಗೆ, ಇವಳೇನು ಹೆಂಗಸೋ ಕಟುಕಿಯೋ ಎನ್ನಿಸಿತು. ದೊಡ್ಡಮ್ಮ ನೆಲದ ಮೇಲೆ ಕೂತು ಮಗುವನ್ನು ತೊಡೆ ಮೇಲಿಟ್ಟುಕೊಂಡಳು. "ಏನಾಗಿದೆ ಇದಕ್ಕೆ? ಹರಿದುಹೋಗಿದೆಯಾ? ಒದ್ದೆಯಾಗಿದೆಯಾ? ಸಿಕ್ಕಾಕೊಂಡಿದೆಯಾ?" ಎಂದು ಒಂದೊಂದೇ ಮಾತನ್ನು ಮುಂದಿಟ್ಟು ಕಾದಳು. ಕೊನೆಗೆ ಮೂಗು ಸೊರಸೊರ ಎಳೆದುಕೊಳ್ಳುತ್ತಾ ಹುಡುಗಿ ಮನೆ ಮಾತಿನಲ್ಲಿ "ಸಿಕ್ಕಾಕೊಂಡಿದೆ" ಎಂದಳು. ಅರೆಕ್ಷಣದಲ್ಲಿ ಜಿಪ್ಪು ಬಿಚ್ಚಿತು. ಮರುದಿನದಿಂದ ಬೀಗವೂ ಬಿಚ್ಚಿತು. ಒಂದು ತಿಂಗಳಲ್ಲಿ ನನ್ನ ಬಳಿಗಿಂತ ಅವಳ ಬಳಿಯೇ ಹೆಚ್ಚು ಮಾತಾಡತೊಡಗಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಇದು ಇಲ್ಲಿಗೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಹುಡುಗಿಯ ಅಪ್ಪ ಒಂದು ಬೆಳಿಗ್ಗೆ ಅವಸರದಲ್ಲಿ ಬಂದು, ಮಗಳಿಗೆ ರಾತ್ರಿ ಜ್ವರ ಬಂದಿತ್ತು, ಹನ್ನೊಂದು ಗಂಟೆಗೆ ಔಷಧಿ ಕೊಡಬೇಕು ಎಂದು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ಊರ ಮಾತಿನಲ್ಲಿ ಹೇಳಿದರು. ಆ ದಿನ ನಾನು ರಜೆಯಲ್ಲಿದ್ದೆ. ಸುತ್ತ ಐದಾರು ಮಕ್ಕಳು. ಅವಳು ಎಂದಿನಂತೆ ಮುಗುಳ್ನಕ್ಕು ಹೆಡ್ ಮಿಸ್ ಕೋಣೆಯ ಕಡೆ ಕೈ ತೋರಿಸಿದಳು. ಔಷಧಿ ಸರಿಯಾದ ಹೊತ್ತಿಗೇ ಹೋಯಿತು, ಅವಳೇ ಕೊಟ್ಟಳು. ಆದರೆ ಅಪ್ಪ ಶಿಕ್ಷಣ ಕಚೇರಿಗೆ ಕಾಗದ ಬರೆದರು: ಇಲ್ಲಿ ಒಬ್ಬ ಟೀಚರಿಗೆ ಊರ ಮಾತೇ ಬರುವುದಿಲ್ಲ, ಮಗುವಿಗೆ ಹೆಚ್ಚುಕಡಿಮೆಯಾದರೆ ಯಾರು ಹೊಣೆ? ನಾನು ಅವರನ್ನು ಮನಸಾರೆ ಬೈದೆ. ಆಮೇಲೆ ಯೋಚಿಸಿದರೆ, ಅವರ ಜಾಗದಲ್ಲಿ ನಾನಿದ್ದರೆ ಎರಡು ಕಾಗದ ಬರೆಯುತ್ತಿದ್ದೆ.

ಕಚೇರಿಯಿಂದ ಉತ್ತರ ಬಂತು. ಒಬ್ಬ ಅಧಿಕಾರಿ ಬರುತ್ತಾರೆ. ತರಗತಿ ನಡೆಯುತ್ತಿರುವಾಗ, ಮಕ್ಕಳ ಎದುರಿಗೆ ಆ ಟೀಚರ್ ಊರ ಮಾತಿನಲ್ಲಿ ಉತ್ತರಿಸಬೇಕು. ಇಲ್ಲವಾದರೆ ಮುಂದಿನ ವರ್ಷ ಆ ಟೀಚರ್ ಇರುವುದಿಲ್ಲ, ಆ ಕೋಣೆ ಊರ ಮಾತಿನದಷ್ಟೇ ಆಗುತ್ತದೆ. ಆಫೀಸಿನಲ್ಲಿ ಕೂರಿಸಿ ಪರೀಕ್ಷೆ ಮಾಡಿ ಎಂದು ಹೆಡ್ ಮಿಸ್ ಮೂರು ಸಲ ಫೋನ್ ಮಾಡಿದರು. ನಿಯಮ ನಿಯಮವೇ ಎಂದರಂತೆ ಕಚೇರಿಯವರು.

ಹೆಡ್ ಮಿಸ್ ನಮ್ಮಿಬ್ಬರನ್ನೂ ಕರೆದು ಬಾಗಿಲು ಹಾಕಿದರು. "ನಾಲ್ಕೇ ನಾಲ್ಕು ವಾಕ್ಯ ಮಾತಾಡಿಬಿಡಿ ದೊಡ್ಡಮ್ಮ. ಮಕ್ಕಳು ನಾಳೆ ಮರೆತುಬಿಡ್ತಾರೆ."

"ಮರೆಯಲ್ಲ ಮೇಡಂ. ಆಚೆ ಕೋಣೆ ಟೀಚರ್ ಒಂದ್ಸಲ ಮರೆತು ಫೋನಲ್ಲಿ ಊರ ಮಾತಾಡಿದ್ಲಲ್ಲ, ಆಮೇಲೆ ಒಂದು ಮಗುವಾದ್ರೂ ಅವಳ ಹತ್ರ ಮನೆ ಮಾತಾಡ್ತಾ? ನೀರು ಇಳಿಜಾರಿಗೇ ಹರಿಯೋದು. ಸುಲಭದ್ದು ಸಿಕ್ಕಿದ್ರೆ ಕಷ್ಟದ್ದು ಯಾಕೆ ಆಡ್ತಾರೆ?"

"ಅವರು ಕೇಳೋದೂ ಸರಿಯಾಗೇ ಇದೆ. ಮಗೂಗೆ ಏನಾದ್ರೂ ಆದ್ರೆ?"

"ಮಗುವಿನ ಪ್ರಾಣಕ್ಕೆ ಬಂದ್ರೆ ನಾನು ಹತ್ತು ಭಾಷೇಲಿ ಕೂಗ್ತೀನಿ. ಕೆಲಸ ಉಳಿಸ್ಕೊಳ್ಳೋಕೆ ಕೂಗಲ್ಲ."

ಬಸ್ಸಿನಲ್ಲಿ ನಾನು ಜಗಳವನ್ನೇ ಮಾಡಿದೆ. ನೀನು ಹೋದ ಮೇಲೆ ಆ ಕೋಣೆಯಲ್ಲಿ ಮನೆ ಮಾತು ಆಡುವವರೇ ಇರುವುದಿಲ್ಲ, ಯಾರನ್ನು ಉಳಿಸುತ್ತಿದ್ದೀಯ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ನೀನು ಎಂದೆಲ್ಲ ಅಂದೆ. ಅವಳು ಕಿಟಕಿಯಾಚೆ ನೋಡುತ್ತಾ, "ಹದಿಮೂರು ಮಕ್ಕಳಿಗೆ ಇನ್ನು ನಾಲ್ಕು ತಿಂಗಳಿದೆ. ಆ ನಾಲ್ಕು ತಿಂಗಳು ಅವರದ್ದು. ಅದನ್ನ ನಾನು ಕೊಟ್ಟೇ ಹೋಗ್ತೀನಿ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ಸ್ಟಾಪಿಗೂ ಒಂದು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದೆ.

ಅಧಿಕಾರಿ ಒಂದು ಬುಧವಾರ ಬೆಳಿಗ್ಗೆ ಬಂದರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ, ಫೈಲು ಎದೆಗವಚಿಕೊಂಡ ಹೆಂಗಸು. ಕೆಟ್ಟವರ ಹಾಗೇನೂ ಕಾಣಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತರು. ಮಕ್ಕಳು ಜೇಡಿಮಣ್ಣಿನಲ್ಲಿ ಬಟ್ಟಲು ಮಾಡುತ್ತಿದ್ದರು. ನಾನು ಗೋಡೆಗೊರಗಿ ನಿಂತೆ. ಅಧಿಕಾರಿ ಊರ ಮಾತಿನಲ್ಲಿ ದೊಡ್ಡಮ್ಮನನ್ನು ಕೇಳಿದರು: "ಮಗು ಬಿದ್ದು ಗಾಯ ಆದ್ರೆ ಮೊದಲು ಏನು ಮಾಡ್ತೀರಿ?"

ದೊಡ್ಡಮ್ಮ ನಗುತ್ತಾ ಮಕ್ಕಳ ಕಡೆ ತಿರುಗಿದಳು. "ಇವರು ಏನೋ ಕೇಳ್ತಿದಾರಲ್ಲ. ಯಾರಾದ್ರೂ ಹೇಳ್ತೀರಾ ನಂಗೆ?"

ಮಕ್ಕಳಿಗೋ, ಇದು ದಿನದ ಕೆಲಸ. ಟೊಮೆಟೊ ದಿನದ ಆ ಹುಡುಗ ಮಣ್ಣಿನ ಕೈಯನ್ನು ಮೇಲೆತ್ತಿ, "ನಾವು ಬಿದ್ರೆ ಏನ್ಮಾಡ್ತೀಯಾ ಅಂತ" ಎಂದು ಮನೆ ಮಾತಿನಲ್ಲಿ ತಿಳಿಸಿದ. ದೊಡ್ಡಮ್ಮ ನಿಧಾನವಾಗಿ ಉತ್ತರ ಹೇಳಿದಳು: ಗಾಯ ತೊಳೆಯುತ್ತೇನೆ, ಮೇಲಿನ ಕಪಾಟಿನ ಪೆಟ್ಟಿಗೆಯಿಂದ ಪಟ್ಟಿ ತೆಗೆದು ಕಟ್ಟುತ್ತೇನೆ, ಮಿಸ್‌ಗೆ ತೋರಿಸುತ್ತೇನೆ, ಮನೆಗೆ ಫೋನ್ ಮಾಡಿಸುತ್ತೇನೆ. ಮೂರು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅದನ್ನು ಊರ ಮಾತಿಗೆ ತಂದರು. ಅವಳು ಹೇಳದ್ದನ್ನೂ ಸೇರಿಸಿದರು. ಗಾಯದ ಮೇಲೆ ಉಫ್ ಎಂದು ಊದುತ್ತಾಳಂತೆ, ತೊಡೆ ಮೇಲೆ ಕೂರಿಸಿಕೊಳ್ಳುತ್ತಾಳಂತೆ. ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೂ ಹಾಗೇ ಆಯಿತು. ಇಬ್ಬರು ಎದ್ದು ಬಾಗಿಲ ಬಳಿ ಸಾಲಾಗಿ ನಿಂತೇ ತೋರಿಸಿದರು.

ಅಧಿಕಾರಿಯ ತಾಳ್ಮೆ ಮುಗಿಯುತ್ತಾ ಬಂತು. ಅವರಿಗೆ ಬೇಕಾಗಿದ್ದದ್ದು ಟೀಚರ್ ಬಾಯಿಂದ ಬರುವ ಮಾತು. ಪಕ್ಕದಲ್ಲೇ ಇದ್ದ ಔಷಧಿ ಅಂಗಡಿಯವರ ಮಗಳಿಗೆ, ಮಕ್ಕಳಿಗೇನು ತಿಳಿಯುತ್ತದೆ ಎನ್ನುವ ಧಾಟಿಯಲ್ಲಿ ಊರ ಮಾತಿನಲ್ಲಿ ಹೇಳಿದರು: "ನಿಮ್ಮ ಟೀಚರಿಗೆ ಹೇಳಮ್ಮ, ಅವರಿಗೆ ನಮ್ಮ ಮಾತು ಬರದೇ ಇದ್ರೆ ಮುಂದಿನ ವರ್ಷ ಇಲ್ಲಿ ಇರೋಕಾಗಲ್ಲ ಅಂತ."

ಹುಡುಗಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅಧಿಕಾರಿಯ ಮುಖ ನೋಡಿದಳು. ಆಮೇಲೆ ದೊಡ್ಡಮ್ಮನ ಮುಖ ನೋಡಿದಳು. ಐದು ತಿಂಗಳ ಬೀಗ ಮತ್ತೆ ಬಿತ್ತು ಎಂದುಕೊಂಡೆ.

"ದೊಡ್ಡಮ್ಮ, ಇವರಿಗೆ ನೀನು ತುಂಬಾ ಇಷ್ಟ ಆದ್ಯಂತೆ. ಮುಂದಿನ ವರ್ಷಾನೂ ಇಲ್ಲೇ ಇರ್ಬೇಕಂತೆ" ಎಂದಳು, ಮನೆ ಮಾತಿನಲ್ಲಿ, ಒಂದು ತಪ್ಪೂ ಇಲ್ಲದೆ.

ಪಕ್ಕದ ಹುಡುಗ ತಿದ್ದಲು ಬಾಯಿ ತೆರೆದ. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು, ನಾನೇ ಕಣ್ಣಾರೆ ಕಂಡೆ. ಎರಡೂ ಮಾತು ಅರ್ಥವಾಗಿದ್ದ ದೊಡ್ಡಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹೌದಾ ಕಂದ? ತುಂಬಾ ಸಂತೋಷ ಆಯ್ತು ಅಂತ ಹೇಳು ಅವರಿಗೆ."

ಹುಡುಗಿ ಅಧಿಕಾರಿಯ ಕಡೆ ತಿರುಗಿ ಊರ ಮಾತಿನಲ್ಲಿ ಹೇಳಿದಳು: "ಆಯ್ತಂತೆ. ಕಲೀತಾರಂತೆ. ಬೇಗ ಬೇಗ ಕಲೀತಾರಂತೆ."

ನಾನು ಸಿಂಕಿನ ಹತ್ತಿರ ಹೋಗಿ ನಲ್ಲಿ ಜೋರಾಗಿ ಬಿಟ್ಟು, ತೊಳೆದಿದ್ದ ಬ್ರಶ್ಶುಗಳನ್ನೇ ಮತ್ತೆ ತೊಳೆದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ವಿದ್ಯೆಯನ್ನು ಐದು ವರ್ಷದ ಆ ಹುಡುಗಿಗೆ ನಾವ್ಯಾರೂ ಕಲಿಸಿರಲಿಲ್ಲ. ಕಲಿಸಿದ್ದು ಎರಡು ಭಾಷೆ ಮಾತ್ರ. ಅಧಿಕಾರಿ ಫೈಲಿನಲ್ಲಿ ಏನನ್ನೋ ಬರೆದುಕೊಂಡು, ತಲೆ ಆಡಿಸಿ, ವರದಿ ಬರೆಯಲು ಹೆಡ್ ಮಿಸ್ ಕೋಣೆಗೆ ಹೋದರು.

ಊಟವಾಗಿ ಮಕ್ಕಳು ಮಲಗುವ ಹೊತ್ತಾಯಿತು. ಪರದೆ ಎಳೆದು ಹದಿಮೂರು ಪುಟ್ಟ ಹಾಸಿಗೆ ಹಾಸಿದೆವು. ಕೊನೆಯ ಮಗುವಿನ ಕಣ್ಣು ಮುಚ್ಚಿದಂತೆ ಕಂಡಾಗ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೊರಗೆ ಹೋದಳು. ನಾನು ಹೊದಿಕೆ ತರಲು ಕಾರಿಡಾರಿನಾಚೆಯ ಸ್ಟೋರಿಗೆ ಹೋದಾಗ, ಗೋಡೆಯಾಚೆ ಹೆಡ್ ಮಿಸ್ ಕೋಣೆಯಿಂದ ಅವಳ ದನಿ ಕೇಳಿಸಿತು. ಊರ ಮಾತು, ತರಕಾರಿಯವನ ಬೆವರಿಳಿಸುವ ವೇಗದಲ್ಲಿ.

"ಈಗ ಮಕ್ಕಳು ಮಲಗಿದಾರೆ ಮೇಡಂ. ಈಗ ಕೇಳಿ, ಎಷ್ಟು ಬೇಕಾದ್ರೂ ಕೇಳಿ. ಬೆಂಕಿ ಬಿದ್ರೆ, ಜ್ವರ ಬಂದ್ರೆ, ಹಲ್ಲು ಮುರಿದ್ರೆ, ಯಾವುದು ಬೇಕು? ಮೂವತ್ತು ವರ್ಷದಿಂದ ಆಡ್ತಿದೀನಿ ನಿಮ್ಮ ಮಾತು. ಆ ಮಗು ನಿಮಗೇನು ಹೇಳ್ತು, ನನಗೇನು ಹೇಳ್ತು, ಅದನ್ನೂ ಹೇಳ್ತೀನಿ. ಬರ್ಕೊಳ್ಳಿ."

ಆಮೇಲೂ ಅವಳ ದನಿಯೇ ಇತ್ತು. ಅಧಿಕಾರಿಯ ದನಿ ಒಮ್ಮೆ "ಅಯ್ಯೋ" ಎಂದಿತು. ನಾನು ಹೊದಿಕೆ ಹಿಡಿದುಕೊಂಡು ಕೋಣೆಗೆ ಮರಳಿದೆ. ಮಕ್ಕಳನ್ನು ಬಿಟ್ಟು ಅಲ್ಲೇ ಕಿವಿಗೊಟ್ಟು ನಿಲ್ಲುವ ಹಾಗಿರಲಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ದೊಡ್ಡಮ್ಮ ಬಂದಳು. ಏನಾಯಿತೆಂದು ಮುಖದಿಂದ ಗೊತ್ತಾಗಲಿಲ್ಲ. ಕೇಳುವಂತೆಯೂ ಇರಲಿಲ್ಲ, ಏಕೆಂದರೆ ಔಷಧಿ ಅಂಗಡಿಯವರ ಮಗಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ದೊಡ್ಡಮ್ಮ ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು.

"ದೊಡ್ಡಮ್ಮ, ನೀನು ಮಿಸ್ ಮಾತು ಕಲೀಬೇಕು" ಎಂದು ಹುಡುಗಿ ಪಿಸುಗುಟ್ಟಿದಳು.

"ಯಾಕೆ ಕಂದ?"

"ನೀನು ಕಲೀತೀಯ ಅಂತ ನಾನು ಅವರಿಗೆ ಹೇಳ್ಬಿಟ್ಟಿದೀನಿ."

"ಹೇಳೇಬಿಟ್ಯಾ? ಈ ವಯಸ್ಸಲ್ಲಿ ನಂಗೆ ಬರತ್ತಾ?"

"ಬರತ್ತೆ. ನಂಗೂ ನಿನ್ನ ಮಾತು ಬರ್ತಿರ್ಲಿಲ್ಲ, ಬಂತಲ್ಲ. ದಿನಾ ಒಂದೊಂದು ಹೇಳ್ಕೊಡ್ತೀನಿ. ಇವತ್ತು ಇದು." ಹುಡುಗಿ ಮೊಣಕೈ ಊರಿ ಎದ್ದು, ಒಂದೊಂದೇ ಅಕ್ಷರ ಬಿಡಿಸಿ ಊರ ಮಾತಿನಲ್ಲಿ ಹೇಳಿದಳು: "ನಾನು ಎಲ್ಲೂ ಹೋಗಲ್ಲ. ಇಲ್ಲೇ ಇರ್ತೀನಿ." ಆಮೇಲೆ ಮನೆ ಮಾತಿನಲ್ಲಿ, "ಅವರು ಮತ್ತೆ ಬಂದ್ರೆ ನೀನು ಹಿಂಗನ್ನು" ಎಂದಳು.

ದೊಡ್ಡಮ್ಮ ಬೇಕೆಂದೇ ತೊದಲಿದಳು, ಅರ್ಧ ವಾಕ್ಯವನ್ನು ಮುರಿದು ಹಾಕಿದಳು. ಹುಡುಗಿ ನಗಲಿಲ್ಲ, ಅವಸರ ಮಾಡಲಿಲ್ಲ. ಮತ್ತೆ ಮೊದಲಿಂದ ಹೇಳಿಕೊಟ್ಟಳು. ದೊಡ್ಡಮ್ಮ ಮತ್ತೆ ತಪ್ಪಿದಳು. ಹುಡುಗಿ ಅವಳ ಗದ್ದ ಹಿಡಿದು ತನ್ನ ಬಾಯಿಯ ಕಡೆ ತಿರುಗಿಸಿಕೊಂಡು ಮೂರನೇ ಸಲ ಹೇಳಿಕೊಟ್ಟಳು.

ಮೂರನೇ ಸಲವೂ ತಪ್ಪಾಗಿಯೇ ಹೇಳುತ್ತಾಳೆ ಎಂದುಕೊಂಡಿದ್ದೆ. ಒಂಬತ್ತು ವರ್ಷ ಬಾಯಿ ಕಟ್ಟಿಕೊಂಡವಳಿಗೆ ಅದೇನು ಕಷ್ಟ? ಆದರೆ ಅವಳು ತಲೆಯೆತ್ತಿ, ಮಗುವಿನ ತಲೆಯ ಮೇಲಿಂದ ನೇರವಾಗಿ ನನ್ನ ಕಡೆ ನೋಡುತ್ತಾ, ಊರ ಮಾತಿನಲ್ಲಿ ತಪ್ಪಿಲ್ಲದೆ ಹೇಳಿದಳು.

"ನಾನು ಎಲ್ಲೂ ಹೋಗಲ್ಲ. ಇಲ್ಲೇ ಇರ್ತೀನಿ."

"ಬಂತು! ಮಿಸ್, ಮಿಸ್, ದೊಡ್ಡಮ್ಮಂಗೆ ಬಂತು!" ಎಂದು ಹುಡುಗಿ ಹಾಸಿಗೆಯ ಮೇಲೆ ಎದ್ದು ನಿಂತು ಕೂಗಿದಳು, ಹನ್ನೆರಡು ಮಕ್ಕಳಿಗೂ ಎಚ್ಚರವಾಗುವಂತೆ. ಅಧಿಕಾರಿ ಏನು ಬರೆದುಕೊಟ್ಟರೆಂದು ತಿಳಿಯಲು ನಾನು ಸಂಜೆಯ ಬಸ್ಸಿನವರೆಗೆ ಕಾಯಬೇಕಾಗಲಿಲ್ಲ.